ಸಕುಟುಂಬ ಸಮೇತ

ಮದುವೆಯ ಕರೆಯೋಲೆ ಕೈಗೆ ಬಂದರೆ ಜನ ಮೊದಲು ಏನು ನೋಡುತ್ತಾರೆ? ಕೆಲವರು ಮುಹೂರ್ತ ನೋಡುತ್ತಾರೆ, ಕೆಲವರು ಛತ್ರ ಎಲ್ಲಿ ಅಂತ ನೋಡುತ್ತಾರೆ. ಅನುಭವಸ್ಥರು ಆರತಕ್ಷತೆ ಹಿಂದಿನ ರಾತ್ರಿಯೇ ಇದೆಯೋ ಎಂದು ನೋಡಿ ಎರಡು ಊಟದ ಲೆಕ್ಕ ಹಾಕುತ್ತಾರೆ. ನಮ್ಮ ಭಾವ ಮಾತ್ರ ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ’ ಎನ್ನುವ ಸಾಲು ಹುಡುಕುತ್ತಾರೆ. ಹುಡುಕುವ ಶ್ರಮವೇನೂ ಇಲ್ಲ, ಅದು ಇದ್ದೇ ಇರುತ್ತದೆ. ಸಿಕ್ಕಿದ ಕೂಡಲೇ ಕೆಂಪು ಪೆನ್ನು ಹೊರಗೆ ಬರುತ್ತದೆ.

“ನೋಡಯ್ಯಾ, ‘ಸ’ ಅಂದ್ರೇನೇ ಜೊತೆಗೆ ಅಂತ. ಸಕುಟುಂಬ ಅಂದ್ಮೇಲೆ ಸಂಸಾರ ಬಂದಾಯ್ತು. ಸಪರಿವಾರ ಅಂದ್ಮೇಲೆ ಅದೇ ಸಂಸಾರ ಎರಡನೇ ಸಲ ಬಂದಾಯ್ತು. ಆಮೇಲೆ ಸಮೇತ ಯಾಕೆ? ಒಂದೇ ಕುಟುಂಬ ಮೂರು ಪಂಕ್ತಿ ಊಟ ಮಾಡಿದ ಹಾಗಾಗಲಿಲ್ಲವಾ?”

ಭಾವ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಒಂದು ಸಮೀಕರಣದಲ್ಲಿ ಒಂದು ಅಕ್ಷರ ಹೆಚ್ಚಾದರೂ ನಿದ್ದೆ ಬಾರದ ಜಾತಿ. ಅವರು ಕಟ್ಟಿಕೊಂಡದ್ದು ನಮ್ಮ ಅಕ್ಕನನ್ನು. ಅಕ್ಕ ಮಾತಾಡುವುದೆಲ್ಲ ಜೋಡಿಯಲ್ಲೇ. ಅವಳ ಮನೆಯಲ್ಲಿ ಪಾತ್ರೆ ಎಂಬುದಿಲ್ಲ, ಪಾತ್ರೆಪಡಗ ಇದೆ. ಬಟ್ಟೆ ಇಲ್ಲ, ಬಟ್ಟೆಬರೆ ಇದೆ. ಹಿತ್ತಲಲ್ಲಿ ಬೆಳೆಯುವುದು ಸೊಪ್ಪುಸದೆ, ಅದರಲ್ಲಿ ಹರಿದಾಡುವುದು ಹುಳಹುಪ್ಪಟೆ, ಬರುವವರು ನೆಂಟರಿಷ್ಟರು, ಅವರು ತರುವುದು ಹಣ್ಣುಹಂಪಲು. ಈ ದಾಂಪತ್ಯ ಇಷ್ಟು ಕಾಲ ಬಾಳಿದ್ದು ತರ್ಕಶಾಸ್ತ್ರಕ್ಕೆ ನಿಲುಕದ ಸಂಗತಿ.

ಒಂದು ಸಾಯಂಕಾಲ ಅಕ್ಕ ಒಳಗಿನಿಂದ, “ಏನ್ರೀ, ಕಾಫಿಗೀಫಿ ಏನಾದ್ರೂ ಬೇಕಾ?” ಅಂದಳು. ಭಾವ ನನ್ನ ಕಡೆ ಕಣ್ಣು ಮಿಟುಕಿಸಿ, “ಕಾಫಿ ಕೊಡು ಸಾಕು, ಗೀಫಿ ಬೇಡ” ಅಂದರು. ಕಾಫಿ ಬಂತು. ಬರೀ ಕಾಫಿ. ಭಾವ ಲೋಟ ನೋಡಿದರು, ತಟ್ಟೆ ಇರಬೇಕಾದ ಜಾಗ ನೋಡಿದರು, ಅಕ್ಕನ ಮುಖ ನೋಡಿದರು. ಅಕ್ಕ, “ಗೀಫಿ ಬೇಡ ಅಂದ್ರಲ್ಲ? ಕೋಡುಬಳೆ ಇದ್ದದ್ದು ಗೀಫಿಯಲ್ಲೇ” ಅಂದು ಒಳಗೆ ಹೋದಳು.

ಆ ಸಾಯಂಕಾಲ ಭಾವನಿಗೆ ತಿಳಿಯದೇ ಹೋದದ್ದು ಇದು: ಕನ್ನಡದ ಗಿ, ಗೀ ಸುಮ್ಮನೆ ಬಾಲಕ್ಕೆ ಕಟ್ಟಿದ ಡಬ್ಬವಲ್ಲ. ಅದು ‘ಇತ್ಯಾದಿ’ ಎಂಬುದರ ಮನೆಮಾತಿನ ರೂಪ. ಮಳೆಗಿಳೆ ಅಂದರೆ ಮಳೆ, ಜೊತೆಗೆ ಗಾಳಿ, ಕೆಸರು, ಕರೆಂಟು ಹೋಗುವುದು ಎಲ್ಲ ಬಂತು. ಹಾವುಗೀವು ಅಂದಾಗ ಚೇಳೂ ಲೆಕ್ಕಕ್ಕೆ ಸೇರಿತು. ಯಾವ ಪದ ಬಂದರೂ, ಅದು ನಿನ್ನೆ ಹಡಗಿನಿಂದ ಇಳಿದ ಪದವಾದರೂ, ಮೊದಲಕ್ಷರ ಕಿತ್ತು ಗಿ ಹಚ್ಚುತ್ತೇವೆ: ಲ್ಯಾಪ್‌ಟಾಪ್‌ಗೀಪ್‌ಟಾಪ್. ಗಿಡ ಎಂಬ ಪದದ ಮುಂದೆ ಮಾತ್ರ ಈ ಯಂತ್ರ ತಡವರಿಸುತ್ತದೆ. ಗಿಡಗಿಡ ಅಂದರೆ ಯಾವುದು ಗಿಡ, ಯಾವುದು ಗಿ ಅಂತ ಗೊತ್ತಾಗುವುದಿಲ್ಲ. ಮೆಲ್ಲಗೆ ಗಿಡಮರ ಅಂದು ನುಣುಚಿಕೊಳ್ಳುತ್ತೇವೆ.

ಇನ್ನು ದ್ವಿರುಕ್ತಿ. ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಅದಕ್ಕೊಂದು ಪಟ್ಟಿಯೇ ಇದೆ. ಉತ್ಸಾಹ, ಆಶ್ಚರ್ಯ, ಕೋಪ, ಅವಸರ, ಒಪ್ಪಿಗೆ, ನಿಷೇಧ, ಆದರ ಮುಂತಾದ ಸಂದರ್ಭಗಳಲ್ಲಿ ಒಂದೇ ಪದವನ್ನು ಎರಡು ಸಲ ಹೇಳಬಹುದು ಎಂಬ ಪರವಾನಗಿ. ನೆಂಟರ ಮನೆಗೆ ಹೋದಾಗ ಈ ಪಟ್ಟಿಯ ಬೆಲೆ ಗೊತ್ತಾಗುತ್ತದೆ. ಬಾಗಿಲು ತೆಗೆದವರು ‘ಬನ್ನಿ ಬನ್ನಿ’ ಅಂದರೆ ಚಪ್ಪಲಿ ಬಿಡಬಹುದು. ಒಂದೇ ಒಂದು ‘ಬನ್ನಿ’ ಬಂದರೆ ಕಾಲಲ್ಲೇ ಇಟ್ಟುಕೊಂಡು, ‘ಇಲ್ಲೇ ಬಂದಿದ್ದೆ, ಹಾಗೇ ಮಾತಾಡಿಸಿಕೊಂಡು ಹೋಗೋಣ ಅಂತ’ ಅನ್ನುವುದು ಕ್ಷೇಮ. ಮೂರು ಸಲ ‘ಬನ್ನಿ ಬನ್ನಿ ಬನ್ನಿ’ ಬಂದರೆ ಒಳಗೆ ವಿಮಾ ಏಜೆಂಟರು ಕೂತಿದ್ದಾರೆ ಎಂದು ತಿಳಿಯಿರಿ.

ಇಲ್ಲಿ ಭಾವ ಬೂಲ್ ಸಾಹೇಬನನ್ನು ಕರೆತಂದರು. ಜಾರ್ಜ್ ಬೂಲ್ 1854ರಲ್ಲಿ ಆಲೋಚನೆಯ ನಿಯಮಗಳ ಮೇಲೆ ಒಂದು ಪುಸ್ತಕ ಬರೆದ. ಈಗಿನ ಕಂಪ್ಯೂಟರುಗಳ ತರ್ಕಕ್ಕೆಲ್ಲ ಅದೇ ಬುನಾದಿ. ಅದರಲ್ಲಿ ಅವನು ಮೂಲ ನಿಯಮ ಎಂದು ಹಿಡಿದದ್ದು ಇದನ್ನು: x ಎಂಬುದನ್ನು x ಜೊತೆಗೇ ಗುಣಿಸಿದರೆ ಬರುವುದು x. ಬಿಳಿ ಎನ್ನಿ, ಬಿಳಿಬಿಳಿ ಎನ್ನಿ, ಆರಿಸಿ ತೆಗೆದ ವಸ್ತುಗಳ ಗುಂಪು ಅದೇ. “ಅಂದ್ಮೇಲೆ ಎರಡನೇ ಸಲ ಹೇಳಿದ್ದು ದಂಡ” ಅಂತ ಭಾವನ ತೀರ್ಮಾನ.

ಬೂಲ್ ಕನ್ನಡದ ಮನೆಯಲ್ಲಿ ಅಳಿಯನಾಗಿ ಇದ್ದಿದ್ದರೆ ಈ ಮಾತು ಬರೆಯುತ್ತಿರಲಿಲ್ಲ. ಹೆಂಡತಿ ‘ಆಯ್ತು’ ಅಂದರೆ ಒಪ್ಪಿಗೆ. ‘ಆಯ್ತು ಆಯ್ತು’ ಅಂದರೆ ಇನ್ನು ಬಾಯಿ ಮುಚ್ಚಿ ಎಂದರ್ಥ. ‘ಹೌದು’ ಅಂದರೆ ಹೌದು, ‘ಹೌದ್ಹೌದು’ ಅಂದರೆ ನೀವು ಹೇಳಿದ್ದರಲ್ಲಿ ಒಂದಕ್ಷರವನ್ನೂ ನಂಬಿಲ್ಲ ಎಂದರ್ಥ. ಒಂದು ಸಲ ಹೇಳಿದಾಗ ಇದ್ದ ಅರ್ಥ ಎರಡನೇ ಸಲಕ್ಕೆ ತಲೆಕೆಳಗಾಗಿ ನಿಲ್ಲುವುದಕ್ಕೆ ಯಾವ ಬೀಜಗಣಿತದಲ್ಲಿ ಸೂತ್ರವಿದೆ?

ಹಾಗಂತ ಭಾವನ ಕೆಂಪು ಪೆನ್ನಿಗೆ ಕೆಲಸವೇ ಇಲ್ಲ ಎನ್ನಲಾರೆ. ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್ ಎನ್ನುತ್ತೇವಲ್ಲ, ಅದರ ಕೊನೆಯ ‘ಸಿ’ ಸರ್ಟಿಫಿಕೇಟೇ. ಸಿಇಟಿ ಪರೀಕ್ಷೆಯಲ್ಲಿ ‘ಟಿ’ ಎಂದರೆ ಪರೀಕ್ಷೆ. ಬೆಸ್ಕಾಂ ಕಂಪನಿಯಲ್ಲಿ ‘ಕಾಂ’ ಎಂದರೆ ಕಂಪನಿ. ಎಲ್‌ಪಿಜಿ ಗ್ಯಾಸು, ಪ್ಯಾನ್ ನಂಬರು, ಪಿನ್ ನಂಬರು, ಐಎಫ್‌ಎಸ್‌ಸಿ ಕೋಡು, ಎಟಿಎಂ ಮಷೀನು, ಎಲ್ಲಕ್ಕೂ ಇದೇ ರೋಗ. ಎಟಿಎಂ ಮಷೀನಿನ ಮುಂದೆ ನಿಂತು ಪಿನ್ ನಂಬರು ಒತ್ತುವವರಲ್ಲಿ ಒಬ್ಬರಾದರೂ ನಾಚಿದ್ದನ್ನು ನಾನು ಕಂಡಿಲ್ಲ. ಇಂಗ್ಲಿಷಿನವರು ಈ ರೋಗಕ್ಕೆ ‘ರಾಸ್ ಸಿಂಡ್ರೋಮ್’ ಎಂದು ಹೆಸರಿಟ್ಟಿದ್ದಾರೆ. ಬಿಡಿಸಿದರೆ ‘ರಿಡಂಡಂಟ್ ಅಕ್ರೊನಿಮ್ ಸಿಂಡ್ರೋಮ್ ಸಿಂಡ್ರೋಮ್’. ವೈದ್ಯನಿಗೇ ಅಂಟಿದ ರೋಗ.

‘ಅತ್ಯುತ್ತಮ’ ಎಂದು ಅಂಕಪಟ್ಟಿಯಲ್ಲಿ ಬರೆಯುವ ಮೇಷ್ಟ್ರುಗಳನ್ನೂ ಭಾವ ಬಿಡುವುದಿಲ್ಲ. ಸಂಸ್ಕೃತದಲ್ಲಿ ‘ತಮ’ ಸೇರಿದರೆ ಎಲ್ಲಕ್ಕಿಂತ ಮೇಲು ಎಂದಾಯಿತು. ಉತ್ತಮ ಎಂದರೇ ತುದಿ. ತುದಿಯ ಮೇಲೆ ‘ಅತಿ’ ಏರಿಸಿದರೆ ಆ ಹುಡುಗ ನಿಲ್ಲುವುದಾದರೂ ಎಲ್ಲಿ? ಶ್ರೇಷ್ಠ ಎಂಬುದೂ ಹಾಗೆಯೇ. ಸನ್ಮಾನ ಪತ್ರಗಳಲ್ಲಿ ‘ಸರ್ವಶ್ರೇಷ್ಠತಮ’ ಅಂತ ಕಂಡಾಗ ಭಾವ ಶಾಲು ಹೊದ್ದವರ ಕಡೆ ನೋಡಿ ನಿಟ್ಟುಸಿರಿಡುತ್ತಾರೆ. ಮೂರು ಸಲ ಶಿಖರ ಹತ್ತಿದ ಮನುಷ್ಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿರುತ್ತಾನೆ.

ಶಿಖರ ಎಂದಾಗ ಬೆಟ್ಟಗಳ ನೆನಪಾಯಿತು. ಯಳಂದೂರಿನ ಹತ್ತಿರದ ಬಿಳಿಗಿರಿರಂಗನ ಬೆಟ್ಟದಲ್ಲಿ ಗಿರಿ ಒಂದು ಸಲ, ಬೆಟ್ಟ ಒಂದು ಸಲ. ಬೆಂಗಳೂರಿನಿಂದ ಕಾರಿನಲ್ಲಿ ಹೋಗುವವರು ‘ಬಿಆರ್ ಹಿಲ್ಸ್ ಬೆಟ್ಟ’ ಎಂದು ಇನ್ನೊಂದು ಗುಡ್ಡ ಅದರ ಮೇಲೆ ಹೇರುತ್ತಾರೆ. ವಿಂಧ್ಯಾಚಲ ಪರ್ವತ ಎನ್ನುತ್ತೇವೆ. ಅಚಲ ಎಂದರೇ ಪರ್ವತ. ಕಾವ್ಯಗಳಲ್ಲಿ ಗಂಧದ ಗಾಳಿ ಬೀಸುವ ಮಲಯ ಪರ್ವತ ಇದೆಯಲ್ಲ, ಆ ‘ಮಲಯ’ ನಮ್ಮ ಮಲೆಯೇ, ಮಲೆನಾಡಿನ ಮಲೆ. ಉತ್ತರದವರಿಗೆ ಅದು ಹೆಸರಾಗಿ ಕೇಳಿಸಿತು, ತಮ್ಮ ‘ಪರ್ವತ’ವನ್ನು ಪಕ್ಕದಲ್ಲಿ ಇಟ್ಟರು. ಸಹಾರಾ ಎಂದರೆ ಅರಬ್ಬಿಯಲ್ಲಿ ಮರುಭೂಮಿಗಳು. ನಾವು ಸಹಾರಾ ಮರುಭೂಮಿ ಎಂದು ಓದಿ ಪಾಸಾದೆವು. ಇಂಗ್ಲೆಂಡಿನಲ್ಲಿ ಏವನ್ ನದಿ ಹರಿಯುತ್ತದೆ. ಅಲ್ಲಿನ ಹಳೆಯ ಕೆಲ್ಟರ ಮಾತಿನಲ್ಲಿ ಏವನ್ ಎಂದರೆ ನದಿ. ಷೇಕ್ಸ್‌ಪಿಯರ್ ಹುಟ್ಟಿದ್ದು ನದಿ ನದಿಯ ದಡದಲ್ಲಿ. ಹೈದರಾಲಿ 1760ರಲ್ಲಿ ಶುರುಮಾಡಿದ ಲಾಲ್‌ಬಾಗಿನಲ್ಲಿ ‘ಬಾಗ್’ ಅಂದರೆ ತೋಟ. ಬೋರ್ಡಿನಲ್ಲಿ ಮತ್ತೆ ಸಸ್ಯತೋಟ.

ಇದರಲ್ಲಿ ಒಂದು ಗುಟ್ಟಿದೆ. ಇಂಥ ಜೋಡಿಗಳು ಹುಟ್ಟುವುದು ಎರಡು ಭಾಷೆಗಳ ಜನ ಎದುರುಬದುರಾಗುವ ಕಡೆ. ಒಂದು ಪದ ನನಗೆ, ಒಂದು ಪದ ನಿನಗೆ. ಇಬ್ಬರೂ ಬಾಗಿಲು ಹಾಕಲಿ ಎಂದು ‘ಗೇಟು ಬಾಗಿಲು’. ಇಬ್ಬರೂ ದಾರಿ ಬಿಡಲಿ ಎಂದು ‘ನಡುಮಧ್ಯೆ ನಿಲ್ಲಬೇಡಿ’. ಇಂಗ್ಲೆಂಡಿನ ವಕೀಲರು ಇದನ್ನೇ ಶಾಸ್ತ್ರ ಮಾಡಿಕೊಂಡರು. 1066ರಲ್ಲಿ ನಾರ್ಮನ್ನರು ಗೆದ್ದಮೇಲೆ ಆಳುವವರ ಮಾತು ಫ್ರೆಂಚ್, ಆಳಿಸಿಕೊಳ್ಳುವವರ ಮಾತು ಇಂಗ್ಲಿಷ್. ಉಯಿಲಿಗೆ ‘ವಿಲ್’ ಎಂದು ಇವರ ಪದವನ್ನೂ ‘ಟೆಸ್ಟಮೆಂಟ್’ ಎಂದು ಅವರ ಪದವನ್ನೂ ಸೇರಿಸಿ ಬರೆಯುವ ರೂಢಿ ಇವತ್ತಿಗೂ ನಿಂತಿಲ್ಲ. ಪುಟ ಹೆಚ್ಚಾದಷ್ಟೂ ಫೀಜು ಹೆಚ್ಚು ಎಂಬ ಕಾರಣವೂ ಇರಬಹುದು ಎಂದು ನನಗೆ ಗುಮಾನಿ.

ನಮ್ಮ ಪತ್ರಬರಹಗಾರರೇನು ಕಡಿಮೆಯೇ? ಒಂದು ಹಳೆಯ ಕ್ರಯಪತ್ರ ತೆಗೆದು ಓದಿ. ಮಾರುವವನು ‘ಸ್ವಸಂತೋಷದಿಂದ, ಸ್ವಇಚ್ಛೆಯಿಂದ, ಯಾರ ಒತ್ತಾಯ ಬಲಾತ್ಕಾರಗಳೂ ಇಲ್ಲದೆ’ ಮಾರುತ್ತಾನೆ. ಕೊಂಡವನು ‘ಪುತ್ರಪೌತ್ರ ಪಾರಂಪರ್ಯವಾಗಿ, ಆಚಂದ್ರಾರ್ಕವಾಗಿ’ ಅನುಭವಿಸುತ್ತಾನೆ. ಇಪ್ಪತ್ತು ಮೂವತ್ತರ ಸೈಟಿಗೆ ಸೂರ್ಯಚಂದ್ರರು ಸಾಕ್ಷಿ. ಅದರಲ್ಲೂ ಅಷ್ಟಭೋಗ ಎಂಬ ಪಟ್ಟಿಯನ್ನು ನೋಡಬೇಕು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ವಿಜಯನಗರದ ಅರಸರ ಕಾಲದ ದಾನಶಾಸನಗಳಲ್ಲಿ ಇದ್ದ ಈ ಎಂಟು ಪದಗಳು ಕಲ್ಲಿನಿಂದ ಇಳಿದು, ತಾಮ್ರಪಟ ದಾಟಿ, ಛಾಪಾಕಾಗದಕ್ಕೆ ಬಂದು ಕೂತಿವೆ. ನಿಧಿ ಬೇರೆ, ನಿಕ್ಷೇಪ ಬೇರೆ ಯಾಕೆ ಎಂದು ಭಾವ ಕೇಳುತ್ತಾರೆ. ನಾಳೆ ನೆಲ ಅಗೆದಾಗ ಕೊಪ್ಪರಿಗೆ ಸಿಕ್ಕಿ, ಮಾರಿದವನ ಮೊಮ್ಮಗ ಬಂದು ‘ನಿಮ್ಮ ಪತ್ರದಲ್ಲಿ ನಿಧಿ ಮಾತ್ರ ಇದೆ, ಇದು ನಿಕ್ಷೇಪ’ ಅಂದರೆ? ಸಿದ್ಧ ಎಂದರೆ ಈಗಾಗಲೇ ಒದಗಿರುವುದು, ಸಾಧ್ಯ ಎಂದರೆ ಮುಂದೆ ಒದಗಿಸಿಕೊಳ್ಳಬಹುದಾದದ್ದು. ಇವೆರಡರ ನಡುವೆ ಸೂಜಿ ತೂರುವಷ್ಟೂ ಜಾಗವಿಲ್ಲ. ಬರೆದವನು ತರ್ಕ ಬಲ್ಲವನು.

ತರ್ಕದ ಮನೆಯವರೇ ಆದ ನೈಯಾಯಿಕರು ಪುನರುಕ್ತಿಯನ್ನು ಭಾರಿ ಅಪರಾಧ ಮಾಡಿಟ್ಟಿದ್ದರು. ಗೌತಮನ ನ್ಯಾಯಸೂತ್ರ ವಾದದಲ್ಲಿ ಸೋಲುವ 22 ಬಗೆಗಳನ್ನು ಹೇಳುತ್ತದೆ, ನಿಗ್ರಹಸ್ಥಾನಗಳು ಎಂದು. ಪುನರುಕ್ತ ಅವುಗಳಲ್ಲಿ ಒಂದು. ಹೇಳಿದ್ದನ್ನೇ ಹೇಳಿದೆಯೋ, ಎದ್ದು ಹೊರಡು. ಇವತ್ತಿನ ಟಿವಿ ಚರ್ಚೆಗಳಿಗೆ ಇದೊಂದು ನಿಯಮ ತಂದರೆ ಮೊದಲ ಜಾಹೀರಾತಿನ ಹೊತ್ತಿಗೆ ಸ್ಟುಡಿಯೋ ಖಾಲಿ.

ಆದರೆ ಗೌತಮ ಜಾಣ. ಸೂತ್ರದಲ್ಲೇ ಒಂದು ಕಿಟಕಿ ತೆರೆದಿಟ್ಟ. ಪ್ರಯೋಜನವಿಲ್ಲದೆ ಮತ್ತೆ ಹೇಳಿದರೆ ಪುನರುಕ್ತಿ, ಪ್ರಯೋಜನವಿಟ್ಟುಕೊಂಡು ಮತ್ತೆ ಹೇಳಿದರೆ ಅನುವಾದ, ಅದು ದೋಷವಲ್ಲ. ಎರಡಕ್ಕೂ ಏನು ವ್ಯತ್ಯಾಸ ಎಂದು ಯಾರೋ ಕೆಣಕಿದ್ದಕ್ಕೆ ಸೂತ್ರ ಕೊಟ್ಟ ಉತ್ತರ, ಒಬ್ಬನಿಗೆ ಬೇಗ ಹೋಗು, ಇನ್ನೂ ಬೇಗ ಹೋಗು ಎಂದು ಹೇಳುವ ಉದಾಹರಣೆ. ಎರಡನೇ ಮಾತು ಬಿದ್ದಮೇಲೆ ಕಾಲಿನ ವೇಗ ಹೆಚ್ಚುತ್ತದೆ. ನಮ್ಮ ವ್ಯಾಕರಣದ ಮೇಷ್ಟ್ರು ‘ಅವಸರದಲ್ಲಿ ದ್ವಿರುಕ್ತಿ’ ಎಂದು ಬೋರ್ಡಿನ ಮೇಲೆ ಬರೆದದ್ದೂ ಇದನ್ನೇ.

ಈ ಕಿಟಕಿ ನೈಯಾಯಿಕರಿಗೂ ಬೇಕಾಗಿತ್ತು. ಅವರ ಅನುಮಾನದ ವಾಕ್ಯಕ್ಕೆ ಐದು ಅಂಗ. ಬೆಟ್ಟದಲ್ಲಿ ಬೆಂಕಿಯಿದೆ, ಯಾಕೆಂದರೆ ಹೊಗೆಯಿದೆ, ಹೊಗೆಯಿದ್ದಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇದ್ದಹಾಗೆ, ಈ ಬೆಟ್ಟವೂ ಅಂಥದ್ದೇ, ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ಮೊದಲನೆಯದೂ ಐದನೆಯದೂ ಒಂದೇ! ಬೌದ್ಧ ತಾರ್ಕಿಕರು ಇದನ್ನು ಹಿಡಿದು, ಇಷ್ಟೊಂದು ಅಂಗ ಯಾಕೆ ಎಂದು ಕೆಲವನ್ನು ಕತ್ತರಿಸಿ ಹಾಕಿದರು. ನ್ಯಾಯದವರು ಜಪ್ಪಯ್ಯ ಅನ್ನಲಿಲ್ಲ. ಮೊದಲು ಹೇಳಿದಾಗ ಅದು ಬರೀ ಮಾತು, ಕೊನೆಗೆ ಹೇಳಿದಾಗ ಸಾಧಿಸಿದ ಮಾತು ಎಂದು ವಾದಿಸಿದರು. ನನಗೆ ನ್ಯಾಯದವರ ಪಕ್ಷವೇ ಸರಿ ಕಾಣುತ್ತದೆ. ಮದುವೆಗೆ ಮುಂಚೆ ‘ಹುಡುಗ ಒಳ್ಳೆಯವನು’ ಅಂದದ್ದಕ್ಕೂ, ಮದುವೆಯಾಗಿ ಬಹುಕಾಲದ ಮೇಲೆ ಅದೇ ಮಾತು ಹೆಂಡತಿಯ ಬಾಯಲ್ಲಿ ಬಂದದ್ದಕ್ಕೂ ವ್ಯತ್ಯಾಸವಿಲ್ಲವೇ? ಬಂದರೆ, ಅನ್ನಿ.

ಸಂಪರ್ಕಶಾಸ್ತ್ರದವರು ಬಂದಮೇಲೆ ಪುನರುಕ್ತಿಗೆ ಮರ್ಯಾದೆ ಇನ್ನೂ ಹೆಚ್ಚಿತು. ಬೆಲ್ ಪ್ರಯೋಗಾಲಯದ ಕ್ಲಾಡ್ ಶ್ಯಾನನ್ 1948ರಲ್ಲಿ ಲೆಕ್ಕ ಹಾಕಿ, ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ಅರ್ಧದಷ್ಟು ಹೆಚ್ಚುವರಿ ಎಂದ. ನಾವು ಆರಿಸಿ ಬರೆಯುವುದು ಅರ್ಧ, ಉಳಿದರ್ಧ ಭಾಷೆಯ ಕಟ್ಟುಪಾಡು ತಾನಾಗಿ ಬರೆಸುವುದು. ಆ ಹೆಚ್ಚುವರಿ ಇರುವುದರಿಂದಲೇ ಗದ್ದಲದಲ್ಲಿ ನಾಲ್ಕು ಅಕ್ಷರ ಬಿದ್ದುಹೋದರೂ ಮಾತು ತಲುಪುತ್ತದೆ. ಕನ್ನಡವನ್ನೇ ನೋಡಿ. ‘ಬಂದೆನು’ ಅಂದರೆ ಬಂದವನು ನಾನೇ. ಆದರೂ ‘ನಾನು ಬಂದೆನು’. ‘ಇಬ್ಬರು ಹುಡುಗರು ಬಂದರು’ ಎಂಬಲ್ಲಿ ಒಬ್ಬನಿಗಿಂತ ಹೆಚ್ಚು ಎಂಬುದನ್ನು ಮೂರು ಕಡೆ ಹೇಳಿದ್ದೇವೆ. ಸಂತೆಯಲ್ಲಿ ಎರಡು ಕಡೆ ಕೇಳಿಸದಿದ್ದರೂ ಮೂರನೆಯದು ಉಳಿಯುತ್ತದೆ. ಅದೇ ಭಾಷೆ ‘ಎರಡು ಮರ’ ಎಂದು ಬಹುವಚನ ಬಿಟ್ಟು ಮಿತವ್ಯಯವನ್ನೂ ತೋರಿಸುತ್ತದೆ. ಮರಗಳು ಎದ್ದು ಜಗಳಕ್ಕೆ ಬರುವುದಿಲ್ಲವಲ್ಲ.

ಹೆಚ್ಚುವರಿಯನ್ನು ಪೂರ್ತಿ ಕಿತ್ತು ಬದುಕಿದ್ದು ಟೆಲಿಗ್ರಾಂ ಒಂದೇ. ಪದಕ್ಕಿಷ್ಟು ಎಂದು ಕಾಸು ಎಣಿಸುವಾಗ ಯಾವ ಶೂರನೂ ‘ಸಕುಟುಂಬ ಸಪರಿವಾರ ಸಮೇತ’ ಎನ್ನುತ್ತಿರಲಿಲ್ಲ. ಮದುವೆಗೆ ಶುಭಾಶಯ ಕಳಿಸಬೇಕಾದರೆ ವಾಕ್ಯವೂ ಬೇಡ. ಅಂಚೆ ಕಚೇರಿಯ ಪಟ್ಟಿ ನೋಡಿ ಒಂದು ನಂಬರು ಕೊಟ್ಟರೆ ಆ ಕಡೆ ಪೂರ್ತಿ ಹಾರೈಕೆ ಬಿಡಿಸಿ ಕೊಡುತ್ತಿದ್ದರು. 2013ರ ಜುಲೈಯಲ್ಲಿ ನಮ್ಮ ದೇಶದ ಟೆಲಿಗ್ರಾಂ ಸೇವೆ ನಿಂತಿತು. ಈಗ ಮಾತು ಪುಕ್ಕಟೆ. ಬೆಳಗ್ಗೆ ಎದ್ದರೆ ಮೊಬೈಲಿನಲ್ಲಿ ಅದೇ ಗುಲಾಬಿ, ಅದೇ ‘ಶುಭೋದಯ’, ಅದೇ ಬಂಧುವಿನಿಂದ, ನಾಲ್ಕು ಗುಂಪುಗಳಲ್ಲಿ.

ಇಷ್ಟರವರೆಗೆ ಹೇಳಿದ್ದು ಪದಗಳ ಸಮಾಚಾರ. ವಾಕ್ಯಕ್ಕೆ ವಾಕ್ಯವೇ ದಂಡವಾಗುವ ಸಂಗತಿ ಬೇರೆ ಇದೆ, ಭಾವನಿಗೆ ಅದು ಕಂಡರೆ ಬಲು ಪ್ರೀತಿ. ‘ಇವತ್ತು ಮಳೆ ಬರುತ್ತೆ, ಇಲ್ಲದಿದ್ದರೆ ಬರೋದಿಲ್ಲ.’ ಈ ವಾಕ್ಯವನ್ನು ಯಾವ ಮೋಡವೂ ಸುಳ್ಳು ಮಾಡಲಾರದು. ಯಾವಾಗಲೂ ನಿಜ, ಎಲ್ಲ ಲೋಕಗಳಲ್ಲೂ ನಿಜ, ಮತ್ತು ಕೊಡೆ ಹಿಡಿದುಕೊಳ್ಳಬೇಕೋ ಬೇಡವೋ ಎಂಬುದಕ್ಕೆ ಎಳ್ಳಷ್ಟೂ ಉಪಯೋಗವಿಲ್ಲ. ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಎಂಬ ಆಸ್ಟ್ರಿಯಾದವನು ಮೊದಲ ಮಹಾಯುದ್ಧದಲ್ಲಿ ಸಿಪಾಯಿಯಾಗಿದ್ದುಕೊಂಡೇ ಬರೆದು 1918ರಲ್ಲಿ ಮುಗಿಸಿದ, 1921ರಲ್ಲಿ ಅಚ್ಚಾದ ಪುಸ್ತಕದಲ್ಲಿ ಇಂಥ ವಾಕ್ಯಗಳಿಗೆ ಟಾಟಾಲಜಿ ಎಂದು ಹೆಸರಿಟ್ಟು, ಇವು ಏನನ್ನೂ ಹೇಳುವುದಿಲ್ಲ ಎಂದ. ಅವನ ಉದಾಹರಣೆಯೂ ಮಳೆಯದೇ. ಜರ್ಮನ್ ರೈತರಲ್ಲಿ ಒಂದು ಗಾದೆ ಮುಂಚೆಯೇ ಇತ್ತು: ತಿಪ್ಪೆಯ ಮೇಲೆ ಹುಂಜ ಕೂಗಿದರೆ ಹವಾಮಾನ ಬದಲಾಗುತ್ತದೆ, ಇಲ್ಲವೇ ಇದ್ದ ಹಾಗೇ ಇರುತ್ತದೆ. ಹುಂಜನಿಗೂ ತೊಂದರೆಯಿಲ್ಲ, ಪಂಚಾಂಗಕ್ಕೂ ತೊಂದರೆಯಿಲ್ಲ.

ನಮ್ಮ ಕಡೆ ಈ ವಿದ್ಯೆ ಜೋಯಿಸರಿಗೆ ಕರಗತ. ‘ಈ ವರ್ಷ ಒಂದು ಗಂಡಾಂತರ ಇದೆ. ದಾಟಿದರೆ ಆಯುಸ್ಸಿಗೆ ಭಯವಿಲ್ಲ.’ ದಾಟದಿದ್ದವರು ಬಂದು ದಕ್ಷಿಣೆ ವಾಪಸು ಕೇಳಿದ ದಾಖಲೆಯಿಲ್ಲ. ನಲ್ಲಿ ರಿಪೇರಿಯವನೂ ಅದೇ ಗುರುಕುಲದವನು: “ನಾಳೆ ಬರೋದಾದ್ರೆ ಬಂದೇ ಬರ್ತೀನಿ ಸಾರ್.” ಡಚ್ ಗಣಿತಜ್ಞ ಬ್ರೌವರ್ 1908ರಲ್ಲೇ ಈ ಬಗೆಯ ಮಾತಿನ ಮೇಲೆ ಮುನಿಸಿಕೊಂಡಿದ್ದ. ಅನಂತವಾದ ಸಂಗತಿಗಳಲ್ಲಿ ‘ಇದು ಹೌದು ಇಲ್ಲವೇ ಅಲ್ಲ’ ಎಂದು ಸುಮ್ಮನೆ ಹೇಳಿದರೆ ಒಪ್ಪುವುದಿಲ್ಲ, ಎರಡರಲ್ಲಿ ಯಾವುದು ಎಂದು ಸಾಧಿಸಿ ತೋರಿಸು ಎಂದ. ನಲ್ಲಿ ಸೋರುವ ಮನೆಯ ಯಜಮಾನರೆಲ್ಲ ಬ್ರೌವರ್ ಪಕ್ಷದವರು.

ಎಂದೆಂದಿಗೂ ನಿಜ ಎಂದು ತೋರುವುದೆಲ್ಲ ಟಾಟಾಲಜಿ ಅಂದುಕೊಂಡರೂ ಕೆಟ್ಟೆವು. ‘ಹೆಚ್ಚು ರನ್ ಹೊಡೆದವರು ಗೆಲ್ಲುತ್ತಾರೆ’ ಎಂದು ಕಾಮೆಂಟರಿಯವರು ಗಂಭೀರವಾಗಿ ಹೇಳಿದಾಗ ಭಾವ ನಗುತ್ತಿದ್ದರು. 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ನಡೆಯಿತು. ಇಂಗ್ಲೆಂಡ್ 241, ನ್ಯೂಜಿಲೆಂಡ್ 241. ಸೂಪರ್ ಓವರಿನಲ್ಲಿ 15, 15. ಕಪ್ಪು ಇಂಗ್ಲೆಂಡಿಗೆ ಹೋಯಿತು, ಬೌಂಡರಿ ಎಣಿಸಿ, 26ಕ್ಕೆ 17. ರನ್ ಸಮ, ಗೆಲುವು ಒಬ್ಬರಿಗೆ! ಆ ರಾತ್ರಿ ಭಾವ ಊಟ ಮಾಡಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಆ ನಿಯಮ ರದ್ದಾದ ಸುದ್ದಿ ಬಂದಾಗ ಎರಡು ಹೋಳಿಗೆ ಹೆಚ್ಚು ತಿಂದರು.

ಮತ್ತೆ ಅಕ್ಕನ ವಿಷಯಕ್ಕೆ ಬರೋಣ. ಅವಳು ದಿನಕ್ಕೆ ಹತ್ತಾರು ಟಾಟಾಲಜಿ ಆಡುತ್ತಾಳೆ. ‘ತವರು ತವರೇ’. ‘ದುಡ್ಡು ದುಡ್ಡೇ’. ‘ಆಗೋದು ಆಗೇ ಆಗುತ್ತೆ’. ಅತ್ತೆಗೆ ಮೀಸೆ ಬಂದರೆ ಮಾವ ಅನ್ನಬಹುದು ಎನ್ನುವುದೂ ಅವಳದೇ. ಮೀಸೆ ಬರುವ ಪೈಕಿಯಲ್ಲದ ಕಾರಣ ತರ್ಕದ ಕೋಷ್ಟಕದಲ್ಲಿ ಅದಕ್ಕೂ ‘ನಿಜ’ ಎಂದೇ ಅಂಕ. ಭಾವನ ಲೆಕ್ಕದಲ್ಲಿ ಇವೆಲ್ಲ ಸೊನ್ನೆ. ಪಾಲ್ ಗ್ರೈಸ್ ಎಂಬ ಬ್ರಿಟಿಷ್ ತತ್ತ್ವಜ್ಞಾನಿ 1975ರಲ್ಲಿ ಅಚ್ಚಾದ ಒಂದು ಪ್ರಬಂಧದಲ್ಲಿ ಅಕ್ಕನ ಪರವಾಗಿ ವಕಾಲತ್ತು ವಹಿಸಿದ್ದಾನೆ. ‘ಯುದ್ಧ ಯುದ್ಧವೇ’ ಎಂಬುದು ಅವನ ಉದಾಹರಣೆಗಳಲ್ಲೊಂದು. ಮಾತಿನಲ್ಲಿ ಏನೂ ಇಲ್ಲವಾದ್ದರಿಂದಲೇ ಕೇಳಿದವನು, ಇವರು ಸುಮ್ಮನೆ ಹೇಳಲಾರರು, ಇದರ ಹಿಂದೆ ಏನೋ ಇದೆ ಎಂದು ಹುಡುಕತೊಡಗುತ್ತಾನೆ ಎಂಬುದು ಅವನ ವಾದದ ತಿರುಳು. ‘ತವರು ತವರೇ’ ಅಂದಾಗ ಭಾವ ಹುಡುಕಬೇಕಾದದ್ದು ತರ್ಕವನ್ನಲ್ಲ, ಗೌರಿಹಬ್ಬಕ್ಕೆ ಬಸ್ ಟಿಕೆಟನ್ನು.

ಹಾಗಾದರೆ ಕೆಂಪು ಪೆನ್ನನ್ನು ಎಲ್ಲಿ ಆಡಿಸಬೇಕು? ನನ್ನ ಪ್ರಕಾರ, ತಿಳಿವಳಿಕೆಯ ವೇಷ ಹಾಕಿಕೊಂಡು ಬರುವ ಸೊನ್ನೆಗಳ ಮೇಲೆ. ಫ್ರಾನ್ಸಿನ ಮೊಲಿಯೇರ್ 1673ರ ತನ್ನ ಕೊನೆಯ ನಾಟಕದಲ್ಲಿ ಒಬ್ಬ ವೈದ್ಯ ವಿದ್ಯಾರ್ಥಿಯನ್ನು ಪರೀಕ್ಷೆಗೆ ಕೂರಿಸುತ್ತಾನೆ. ಅಫೀಮು ತಿಂದರೆ ನಿದ್ದೆ ಯಾಕೆ ಬರುತ್ತದೆ? ಅದರಲ್ಲಿ ನಿದ್ದೆ ಬರಿಸುವ ಶಕ್ತಿ ಇರುವುದರಿಂದ, ಎಂದು ಅವನು ಲ್ಯಾಟಿನ್ನಿನಲ್ಲಿ ಉತ್ತರಿಸುತ್ತಾನೆ. ಪರೀಕ್ಷಕರು ತಲೆದೂಗುತ್ತಾರೆ. ನಮ್ಮಲ್ಲಿ ಪರೀಕ್ಷಕರು ಇನ್ನೂ ತಲೆದೂಗುತ್ತಿದ್ದಾರೆ. ಬೆಲೆ ಯಾಕೆ ಏರಿತು? ಬೆಲೆಯೇರಿಕೆಯ ಒತ್ತಡದಿಂದ. ಟ್ರಾಫಿಕ್ ಜಾಮ್ ಯಾಕೆ ಆಯಿತು? ವಾಹನದಟ್ಟಣೆಯಿಂದ.

ಇದಕ್ಕಿಂತ ಮೇಲಿನದು ಕಚೇರಿಯ ಹೇಳಿಕೆ. ‘ಯಾರಾದರೂ ತಪ್ಪು ಮಾಡಿದ್ದರೆ ಅಂಥವರ ಮೇಲೆ ಕಾನೂನಿನ ಪ್ರಕಾರ ಕ್ರಮ ಆಗುತ್ತದೆ, ಕಾನೂನು ತನ್ನದೇ ದಾರಿ ಹಿಡಿಯುತ್ತದೆ.’ ಒಂದು ಕೆಲಸ ಮಾಡಿ ನೋಡಿ: ಈ ಮಾತನ್ನು ತಿರುವಿ ಹಾಕಿ. ‘ತಪ್ಪು ಮಾಡಿದವರ ಮೇಲೆ ಕಾನೂನಿಗೆ ವಿರುದ್ಧವಾಗಿ ಕ್ರಮ ಆಗುತ್ತದೆ’ ಎಂದು ಜಗತ್ತಿನ ಯಾವ ಮೂಲೆಯಲ್ಲಾದರೂ ಯಾರಾದರೂ ಹೇಳುತ್ತಾರೆಯೇ? ತಿರುವಿದಾಗ ಯಾರೂ ಆಡಲಾರದ ಮಾತಾಯಿತು ಅಂದರೆ, ತಿರುವುವ ಮೊದಲು ಅದರಲ್ಲಿ ಏನೂ ಇರಲಿಲ್ಲ. ಬದಲಿಗೆ ‘ಈ ರಸ್ತೆಯ ಗುಂಡಿ ಶುಕ್ರವಾರದೊಳಗೆ ಮುಚ್ಚುತ್ತೇವೆ’ ಅನ್ನಲಿ. ಶನಿವಾರ ಬೆಳಗ್ಗೆ ಅದು ಸುಳ್ಳಾಗುವ ಅಪಾಯವಿದೆ. ಆ ಅಪಾಯಕ್ಕೆ ತಲೆಕೊಟ್ಟ ಮಾತೇ ಮಾತು. ಒಂದೇ ಸಂಗತಿಯನ್ನು ಮೂರು ಸಲ ಹೇಳಿ ಊಟಕ್ಕೆ ಕರೆಯುವ ಹೆಣ್ಣಿನ ತಂದೆಯ ಮೇಲೆ ಕೆಂಪು ಶಾಯಿ ಸುರಿದು, ಒಂದು ಸಲವೂ ಏನನ್ನೂ ಹೇಳದ ದೊಡ್ಡವರನ್ನು ಬಿಟ್ಟುಬಿಡುವುದು ಅನ್ಯಾಯ ಎಂದು ನಾನು ಭಾವನಿಗೆ ಹೇಳಿದೆ. “ಆಯ್ತು ಆಯ್ತು” ಅಂದರು.

ಸೊನ್ನೆಯನ್ನು ಸೊನ್ನೆ ಎಂದು ಗುರುತಿಸುವುದೂ ಹುಡುಗಾಟವಲ್ಲ. ವಾಕ್ಯದಲ್ಲಿ ಎರಡು ಬಿಡಿ ಮಾತುಗಳಿದ್ದರೆ ನಿಜ-ಸುಳ್ಳುಗಳ ಕೋಷ್ಟಕದಲ್ಲಿ ನಾಲ್ಕು ಸಾಲು ನೋಡಿದರೆ ಆಯಿತು. ಮೂರಿದ್ದರೆ ಎಂಟು. ಇಪ್ಪತ್ತಾದರೆ 10,48,576. ಮುನ್ನೂರಾದರೆ, ನಮಗೆ ಕಾಣುವ ವಿಶ್ವದಲ್ಲಿ ಇದೆಯೆಂದು ಅಂದಾಜು ಮಾಡಿರುವ ಪರಮಾಣುಗಳಿಗಿಂತ ಹೆಚ್ಚು ಸಾಲು. ಸಾಲು ಸಾಲಾಗಿ ನೋಡದೆ, ಎಷ್ಟು ಉದ್ದದ ವಾಕ್ಯ ಕೊಟ್ಟರೂ ಇದು ಟಾಟಾಲಜಿ ಹೌದೋ ಅಲ್ಲವೋ ಎಂದು ಬೇಗ ಹೇಳುವ ಉಪಾಯ ಉಂಟೇ? ಟೊರಾಂಟೊದ ಸ್ಟೀಫನ್ ಕುಕ್ 1971ರಲ್ಲಿ ಈ ಪ್ರಶ್ನೆಯ ಸುತ್ತಲೇ ಬರೆದ ಲೇಖನದಿಂದ ಗಣಕಶಾಸ್ತ್ರದ ಅತಿ ದೊಡ್ಡ ಒಗಟು ಹುಟ್ಟಿತು. ಪಿ ಮತ್ತು ಎನ್‌ಪಿ ಒಂದೆಯೋ ಬೇರೆಯೋ ಎಂಬ ಆ ಒಗಟನ್ನು ಬಿಡಿಸಿದವರಿಗೆ ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟಿತು. ಅಂಥ ಉಪಾಯ ಕಂಡುಹಿಡಿದರೆ ಒಗಟು ಬಿಡಿಸಿದ ಹಾಗೆಯೇ. ಒಂದೋ ಅಂಥ ಉಪಾಯ ಇದೆ, ಇಲ್ಲವೋ ಇಲ್ಲ. ಈ ಮಾತನ್ನು ಯಾರೂ ಅಲ್ಲಗಳೆಯಲಾರರು, ಆದರೆ ಇಷ್ಟಕ್ಕೇ ಸಂಸ್ಥೆಯವರು ದುಡ್ಡು ಕೊಡುವುದಿಲ್ಲ. ಯಾವುದು ಎಂದು ಹೇಳಬೇಕಂತೆ. ಹಣ ಇನ್ನೂ ಅಲ್ಲೇ ಇದೆ. ಓದುಗರಲ್ಲಿ ಲೆಕ್ಕ ಬಲ್ಲವರು, ಮಧ್ಯಾಹ್ನ ನಿದ್ದೆ ಬಾರದವರು ದಯವಿಟ್ಟು ಒಂದು ಕೈ ನೋಡಿ. ಸಿಕ್ಕರೆ ಸಿಕ್ಕಿತು, ಸಿಗದಿದ್ದರೆ ಇಲ್ಲ.